ಸೆಟ್ಟಿಗೆ ಸೇರದ ಮಂಚ

ನಮ್ಮ ಅಜ್ಜನ ಹತ್ತಿರ ಒಂದು ಕುರ್ಚಿಯೂ ಇರಲಿಲ್ಲ. ಅವರು ಚಾವಡಿಯ ಕಂಬಕ್ಕೆ ಒರಗಿ ಚಾಪೆಯ ಮೇಲೆ ಕೂತು ಎಲೆಯಡಿಕೆ ಹಾಕುತ್ತಿದ್ದರು, ಬಂದವರಿಗೂ ಚಾಪೆಯನ್ನೇ ಹಾಸುತ್ತಿದ್ದರು, ಹಾಗೆ ಕೂತಿದ್ದಾಗಲೇ ಒಂದು ದಿನ ತೀರಿಕೊಂಡರು. ಸಿದ್ಧಕಟ್ಟೆಯ ಸುತ್ತಮುತ್ತ ಇದು ಎಲ್ಲರಿಗೂ ಗೊತ್ತಿದ್ದ ಸಂಗತಿ. ಆದರೆ ಅವರ ಮಗ, ಅಂದರೆ ನನ್ನ ಅಮ್ಮನ ಅಣ್ಣ, ಮುಂಬಯಿಯಲ್ಲಿ ಹೋಟೆಲು ನಡೆಸಿ ಸಾಕಷ್ಟು ಗಳಿಸಿ ಊರಿಗೆ ಮರಳಿದ ಮೇಲೆ ನಮ್ಮ ಹಿರಿಯರಿಗೆ ಕುರ್ಚಿಗಳು ಹುಟ್ಟಿಕೊಂಡವು. ಮೂಡುಬಿದಿರೆಯ ಕಡೆ ಯಾವುದೋ ಹಳೆಯ ದೊಡ್ಡ ಮನೆಯನ್ನು ಕೆಡವುತ್ತಿದ್ದಾರೆಂದು ಸುದ್ದಿ ಬಂದದ್ದೇ ತಡ ಮಾವ ಹೊರಟರು. ಸಂಜೆಯ ಹೊತ್ತಿಗೆ ಅಂಗಳಕ್ಕೆ ಲಾರಿ ಬಂತು. ಬೀಟಿ ಮರದ ಉದ್ದನೆಯ ಸೋಫಾ, ಬೆತ್ತ ಹೆಣೆದ ಕುರ್ಚಿಗಳು, ಕಾಲುಗಳಿಗೆ ಹುಲಿಯ ಪಂಜ ಕೆತ್ತಿದ ಮೇಜು ಒಂದೊಂದಾಗಿ ಇಳಿದವು. ಕಪ್ಪಿಗೆ ತಿರುಗಿದ ಕೆಂಪು ಬಣ್ಣ, ಒಳಗಿನಿಂದಲೇ ಬಂದಂಥ ಹೊಳಪು. ಸಾಮಾನುಗಳು ನಿಜಕ್ಕೂ ಚೆನ್ನಾಗಿದ್ದವು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಮರುದಿನ ನೆರೆಯವರು ನೋಡಲು ಬಂದಾಗ ಮಾವ ಸೋಫಾದ ಕೈಯನ್ನು ಸವರುತ್ತಾ ಹೇಳಿದ್ದನ್ನು ನಾನು ಬಾಗಿಲಲ್ಲಿ ನಿಂತು ಕೇಳಿಸಿಕೊಂಡೆ.

“ಇದು ನಮ್ಮ ಹಿರಿಯರ ಕಾಲದ್ದು. ಅಟ್ಟದಲ್ಲಿ ಬಿದ್ದಿತ್ತು. ಈಗ ಕೆಳಗೆ ಇಳಿಸಿದ್ದು.”

ಆ ನೆರೆಯವರು ಹಿಂದಿನ ಸಂಜೆ ಲಾರಿಯಿಂದ ಮೇಜು ಇಳಿಸಲು ಕೈ ಜೋಡಿಸಿದವರು. ಆದರೂ “ಹೌದಾ, ಒಳ್ಳೆ ಮರ” ಎಂದು ತಲೆಯಾಡಿಸಿ, ಚಹಾ ಕುಡಿದು ಹೋದರು. ನನಗೆ ಆಗ ಹತ್ತೋ ಹನ್ನೊಂದೋ ವರ್ಷ. ಸುಳ್ಳು ಹೇಳಿದ ಮಾವನ ಮೇಲೆ ಮೂಡಿದ ತಾತ್ಸಾರಕ್ಕಿಂತ, ಅದನ್ನು ಚಹಾದ ಜೊತೆ ನುಂಗಿದವರ ಮೇಲೆ ಮೂಡಿದ ತಾತ್ಸಾರವೇ ದೊಡ್ಡದಾಗಿತ್ತೆಂದು ನೆನಪು.

ಅಪ್ಪ ತೀರಿಕೊಂಡ ಮೇಲೆ ಅಮ್ಮ ನನ್ನನ್ನು ಎತ್ತಿಕೊಂಡು ಬೆಳ್ತಂಗಡಿ ಕಡೆಯಿಂದ ಈ ಮನೆಗೆ ಬಂದವಳು. ತವರಿಗೆ ಬಂದಳು ಎನ್ನುವ ಮಾತು ನಮ್ಮ ಜನರಲ್ಲಿ ಅಷ್ಟು ಸರಿಯಾಗುವುದಿಲ್ಲ. ಮನೆ ಹೆಣ್ಣುಮಕ್ಕಳ ಕಡೆಯಿಂದ ನಡೆದು ಬರುವ ಪದ್ಧತಿ ನಮ್ಮದು. ಆ ಮನೆ ಮಾವನದ್ದೆಷ್ಟೋ ಅಮ್ಮನದ್ದೂ ಅಷ್ಟೇ. ಹೊರಗಿನಿಂದ ಬಂದವರು ಯಾರಾದರೂ ಇದ್ದರೆ ಅದು ಮಾವನ ಹೆಂಡತಿ, ನಾನು ಮಾಮಿ ಎನ್ನುತ್ತಿದ್ದವರು. ಆದರೆ ಪದ್ಧತಿ ಪಂಚಾತಿಕೆಯ ಮಾತಿಗೆ ಮಾತ್ರ. ಅಡುಗೆ, ದನದ ಕೆಲಸ, ಬಾವಿಯಿಂದ ನೀರು ಸೇದುವುದು ಅಮ್ಮನ ಪಾಲಿಗೆ. ಬೀಗದ ಕೈಗೊಂಚಲು ಮಾಮಿಯ ಸೊಂಟಕ್ಕೆ. ಅಮ್ಮ ಬರುವಾಗ ತನ್ನ ಜೊತೆ ತಂದದ್ದು ಒಂದು ಟ್ರಂಕು ಮತ್ತು ಒಂದು ಮಂಚ. ಅಪ್ಪನ ಮನೆಯ ಬಾವಿಕಟ್ಟೆಯ ಪಕ್ಕದ ಹಲಸಿನ ಮರ ಗಾಳಿಗೆ ಬಿದ್ದಾಗ, ಮದುವೆಗೆ ಮೊದಲು ಅಪ್ಪ ಅದರಿಂದ ಮಾಡಿಸಿದ್ದಂತೆ. ಕೆತ್ತನೆ ಏನೂ ಇಲ್ಲದ ಅಗಲವಾದ ಮಂಚ. ಹೊಸದರಲ್ಲಿ ಅರಸಿನದ ಹಾಗಿದ್ದದ್ದು ವರ್ಷಗಳಾಗುತ್ತಾ ಜೇನಿನ ಬಣ್ಣಕ್ಕೆ ಬಂದಿತ್ತು. ಹಬ್ಬದ ಮುಂಚಿನ ದಿನ ಅಮ್ಮ ಬಟ್ಟೆಗೆ ತೆಂಗಿನೆಣ್ಣೆ ಅದ್ದಿ ಅದನ್ನು ಒರೆಸುತ್ತಿದ್ದಳು. ಅಪ್ಪನ ಮುಖ ನನಗೆ ನೆನಪಿಲ್ಲ. ಆ ಮಂಚದ ತಲೆಯ ಕಡೆಯ ಹಲಗೆಯಲ್ಲಿದ್ದ ಗಂಟನ್ನು ಮಾತ್ರ ಕಣ್ಣು ಮುಚ್ಚಿ ಬೆರಳಲ್ಲಿ ಗುರುತಿಸಬಲ್ಲೆ.

ಬೀಟಿಯ ಸೆಟ್ಟು ಬಂದ ಮೇಲೆ ಮಾಮಿಗೆ ಮನೆಯ ಉಳಿದ ಯಾವ ವಸ್ತುವೂ ಕಣ್ಣಿಗೆ ಹಿಡಿಸದಾಯಿತು. ಊಟದ ಮೇಜು ಮಾವಿನ ಮರದ್ದು, ಬಾಗಿಲುಗಳು ಹೆಬ್ಬಲಸು, ಕಪಾಟು ಯಾವ ಮರದ್ದೆಂದು ಯಾರಿಗೂ ತಿಳಿಯದು. “ಒಂದಕ್ಕೊಂದು ಮ್ಯಾಚ್ ಆಗುವುದಿಲ್ಲ” ಎನ್ನುವುದು ಬೆಳಗಿನಿಂದ ಸಂಜೆಯವರೆಗೆ ಅವರ ಜಪವಾಯಿತು. ಬಂಟ್ವಾಳದಿಂದ ಮೋನಪ್ಪ ಆಚಾರಿ ಎಂಬ ಪಾಲಿಶಿನವನನ್ನು ಕರೆಸಿದರು. ಅವನಿಗೆ ಚೆನ್ನಾಗಿ ಬರುತ್ತಿದ್ದ ವಿದ್ಯೆ ಒಂದೇ, ಧಣಿ ಹೇಳಿದ್ದಕ್ಕೆ ಹೌದೆನ್ನುವುದು.

“ಮಾವಿನ ಮರ ಮಾರಾಯ ಇದು. ಬೀಟಿಯ ಹಾಗೆ ಕಂಡೀತಾ?” ಎಂದು ಮಾವ ಕೇಳಿದರೆ,

“ಹಾಗೆ ಕಾಣುವುದೆಂಥದು ಧಣಿ, ಬೀಟಿಯೇ ಆಗ್ತದೆ” ಎನ್ನುತ್ತಿದ್ದ.

ಆಗಲಿಲ್ಲ. ಮಾವಿನ ಹಲಗೆ ಬಣ್ಣವನ್ನು ಅಲ್ಲಲ್ಲಿ ಕುಡಿದು ಅಲ್ಲಲ್ಲಿ ಉಗುಳಿತು. ಊಟದ ಮೇಜು ಯಾರೋ ಬೆಲ್ಲದ ಪಾಕ ಚೆಲ್ಲಿದ ಹಾಗಾಯಿತು. ಬಾಗಿಲುಗಳು ಸೀದುಹೋದ ಕಾಫಿಯ ಬಣ್ಣಕ್ಕೆ ಬಂದವು. ಮಳೆಗಾಲದಲ್ಲಿ ಪಾಲಿಶಿನ ಮೇಲೆ ಬೂಸು ಹಿಡಿದಂತೆ ಬಿಳಿ ಮಚ್ಚೆಗಳೆದ್ದವು. ಮೊದಲು ಕನಿಷ್ಠ ತಮ್ಮತಮ್ಮ ಬಣ್ಣದಲ್ಲಾದರೂ ಇದ್ದ ಸಾಮಾನುಗಳು ಈಗ ಬೀಟಿಗೂ ಹೋಲದೆ ಒಂದಕ್ಕೊಂದೂ ಹೋಲದೆ ನಿಂತವು. ಸರಿಯಾದ ಬಣ್ಣ ಸಿಗುವವರೆಗೆ ಮತ್ತೊಂದು ಕೈ, ಮತ್ತೊಂದು ಕೈ ಎಂದು ಮೋನಪ್ಪ ಬರುತ್ತಲೇ ಇದ್ದ. ಮನೆಯಲ್ಲಿ ಬೇಯುವ ಮೀನಿನ ಸಾರಿಗೂ ಸ್ಪಿರಿಟ್ಟಿನ ವಾಸನೆ. ಅಡುಗೆಮನೆಯಲ್ಲಿ ನಾವು ಊಟಕ್ಕೆ ಕೂರುವ ಮಣೆಗಳನ್ನೂ ಬಿಡಲಿಲ್ಲ. ಒಣಗದ ಮಣೆಯ ಮೇಲೆ ಕೂತು ನನ್ನ ಶಾಲೆಯ ಲಂಗಕ್ಕೆ ಹಿಂದೆ ಕಂದು ಮಚ್ಚೆಯಾಗಿ, ಆ ವರ್ಷವಿಡೀ ನಾನು ಚೀಲವನ್ನು ಹಿಂದಕ್ಕೆ ಇಳಿಬಿಟ್ಟುಕೊಂಡು ನಡೆದೆ.

ಬೀಟಿಯ ಕುರ್ಚಿಗಳ ಮೇಲೆ ನಾನೂ ಅಮ್ಮನೂ ಕೂರುವಂತಿರಲಿಲ್ಲ. ಹಾಗೆಂದು ಯಾರೂ ಹೇಳಿರಲಿಲ್ಲ. ನಾನು ಕೂತರೆ ಮಾಮಿ ಒಂದು ಒಣಬಟ್ಟೆ ತಂದು ಪಕ್ಕದಲ್ಲಿ ನಿಲ್ಲುತ್ತಿದ್ದರು, ಅಷ್ಟೇ. ತಲೆಗೆ ಎಣ್ಣೆ ಹಾಕಿದವರು ಬೆತ್ತಕ್ಕೆ ಒರಗಬಾರದು, ಬೆವರಿದ ಕೈಯನ್ನು ಸೋಫಾದ ಕೈಯ ಮೇಲೆ ಇಡಬಾರದು, ಬಿಸಿ ಲೋಟ ಮೇಜಿನ ಹತ್ತಿರ ತರಬಾರದು. ಮಾವ ಕೂಡ ಗಂಜಿ ಕುಡಿಯಲು ಅಡುಗೆಮನೆಗೇ ಬರತೊಡಗಿದರು. ತಾವೇ ತಂದ ಕುರ್ಚಿಯಿಂದ ಎಬ್ಬಿಸಿಕೊಂಡು ಬಂದು ನಮ್ಮ ಎದುರು ನೆಲದ ಮೇಲೆ ಕೂತು ಚಟ್ನಿ ನೆಕ್ಕುವಾಗಲೂ ಆ ಮನುಷ್ಯನಿಗೆ ನಾಚಿಕೆಯಾದದ್ದನ್ನು ನಾನು ಕಾಣಲಿಲ್ಲ. ಮನೆಯಲ್ಲಿ ನಮ್ಮ ಮಾತೆಲ್ಲ ತುಳು. ಸೆಟ್ಟು ಬಂದ ಮೇಲೆ ಮಾಮಿ ಚಾವಡಿಯಲ್ಲಿ ಕನ್ನಡ ಮಾತನಾಡಲು ಶುರು ಮಾಡಿದರು. ರೇಡಿಯೋದ ವಾರ್ತೆಯ ಕನ್ನಡ. “ತಾವು ಆಸೀನರಾಗಬೇಕು” ಎಂದು ಅವರು ಪಂಚಾಯತಿನ ಬಿಲ್ ಕಲೆಕ್ಟರನಿಗೆ ಹೇಳಿದಾಗ ಆತ ಗಾಬರಿಯಾಗಿ ನಿಂತೇ ಇದ್ದ.

ಮಾವನ ಮಗಳು ಪ್ರಮೀಳಕ್ಕನಿಗೆ ಸಂಬಂಧ ಬಂದದ್ದು ಆಗ. ಹುಡುಗನ ಮನೆ ಬೆಳ್ತಂಗಡಿಯ ಹತ್ತಿರ, ಪುಣೆಯಲ್ಲಿ ಹೋಟೆಲು. ನೋಡಲು ಬರುವವರು ಚಾವಡಿಯಲ್ಲಿ ಕೂತರೆ ಎದುರಿಗೆ ಕಾಣುವುದು ನಮ್ಮ ಕೋಣೆಯ ಬಾಗಿಲು, ಬಾಗಿಲು ತೆರೆದರೆ ಕಾಣುವುದು ಅಮ್ಮನ ಮಂಚ. ಮಾಮಿ ಅಡುಗೆಮನೆಗೆ ಬಂದು ತೆಂಗಿನಕಾಯಿ ತುರಿಯುತ್ತಿದ್ದ ಅಮ್ಮನ ಹತ್ತಿರ ನಿಂತರು.

“ಗಿರಿಜಾ, ಮೋನಪ್ಪ ಹೇಗೂ ಬರ್ತಾನೆ. ನಿನ್ನ ಮಂಚಕ್ಕೂ ಎರಡು ಕೈ ಹೊಡೆಸಿ ಬಿಡುವ. ಸೆಟ್ಟಿಗೆ ಸೇರ್ತದೆ.”

“ಅದು ಬೇಡ ಅತ್ತಿಗೆ. ಅದು ಹಾಗೇ ಇರಲಿ.”

“ಹಳದಿ ಹಳದಿ ಕಾಣ್ತದಲ್ಲ ಮಾರಾಯ್ತಿ. ಬಂದವರು ಎಂಥ ಹೇಳಿಯಾರು?”

“ಬಾಗಿಲು ಹಾಕಿ ಇಡ್ತೇನೆ. ಮಂಚ ಮುಟ್ಟುವುದು ಬೇಡ.”

ಅಮ್ಮ ಆ ಮನೆಯಲ್ಲಿ ಯಾವುದಕ್ಕಾದರೂ ಬೇಡ ಎಂದದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ. ಮಾಮಿ “ಆಯ್ತಪ್ಪ” ಎಂದು ಹೋದರು. ಹಾಗೆ ಸುಲಭವಾಗಿ ಒಪ್ಪಿದ್ದನ್ನು ನೋಡಿಯೇ ನಮಗೆ ಅರ್ಥವಾಗಬೇಕಿತ್ತು.

ಆ ವಾರವೇ ಅಪ್ಪನ ಅಕ್ಕನಿಗೆ ಹುಷಾರಿಲ್ಲವೆಂದು ಸುದ್ದಿ ಬಂದು ಅಮ್ಮ ಬೆಳ್ತಂಗಡಿಗೆ ಹೋದಳು. ನನಗೆ ಪರೀಕ್ಷೆಯಿದ್ದದ್ದರಿಂದ ಬಿಟ್ಟು ಹೋದಳು. ಮರುದಿನ ಶಾಲೆಯಿಂದ ಬಂದಾಗ ಕೋಣೆಯಲ್ಲಿ ಹಾಸಿಗೆ ಸುತ್ತಿ ಮೂಲೆಗೆ ಇಟ್ಟಿತ್ತು, ಮೋನಪ್ಪ ಮಂಚದ ಪಕ್ಕ ಕುಕ್ಕರಗಾಲಲ್ಲಿ ಕೂತು ಡಬ್ಬಿಯಲ್ಲಿ ಬಣ್ಣ ಕದಡುತ್ತಿದ್ದ. ನಾನು ಚೀಲವನ್ನೂ ಇಳಿಸದೆ ಮಂಚದ ಮೇಲೆ ಹತ್ತಿ ಕೂತೆ. ಅಮ್ಮ ಬೇಡ ಹೇಳಿದ್ದಾಳೆ ಎಂದೆ. ಮೋನಪ್ಪ ಮಾಮಿಯ ಮುಖ ನೋಡಿದ, ಮಾಮಿ ಮಾವನನ್ನು ಕರೆದರು. ಪ್ರಮೀಳಕ್ಕ ಬಾಗಿಲಿಗೆ ಬಂದು, “ಬಿಡು ಶಶಿ, ಒಂದು ಬಣ್ಣ ಅಲ್ವಾ” ಎಂದು ಹೇಳಿ ಹೋದಳು. ಅವಳಿಗೆ ಯಾವುದರ ಬಗ್ಗೆಯೂ ಅದಕ್ಕಿಂತ ದೊಡ್ಡ ಅಭಿಪ್ರಾಯವಿರಲಿಲ್ಲ. ಮಾವ ಬಂದು ನಗುತ್ತಾ ನಿಂತರು.

“ಎಂಥ ಮಗಾ, ಸತ್ಯಾಗ್ರಹವಾ? ನಿನ್ನಮ್ಮನಿಗೆ ನಾನು ಹೇಳ್ತೇನೆ. ಇಳಿ.”

“ಅಮ್ಮ ಬಂದ ಮೇಲೆ ಮಾಡಿ.”

“ಬಂದ ಮೇಲೆ ಅವಳೇ ಖುಷಿಪಡ್ತಾಳೆ ನೋಡು.”

ಎಂದವರೇ ನನ್ನ ಕಂಕುಳಿಗೆ ಕೈ ಹಾಕಿ ಎತ್ತಿ ಹೊರಗೆ ಅಂಗಳದಲ್ಲಿ ಇಳಿಸಿದರು. ಬೈದಿದ್ದರೆ, ಒಂದು ಹೊಡೆದಿದ್ದರೆ ನಾನು ಇಷ್ಟು ಹೊತ್ತಿಗೆ ಮರೆಯುತ್ತಿದ್ದೆನೋ ಏನೋ. ನಗುತ್ತಾ ಎತ್ತಿದರು, ಕೆಳಗಿಳಿಸಿ ಗಲ್ಲ ತಟ್ಟಿದರು, ಅಂಗಡಿಗೆ ಹೋಗಿ ಬರುವಾಗ ನನಗೆಂದು ಚಕ್ಕುಲಿ ತಂದರು. ನಾನು ಅದನ್ನು ಅವರ ಕಣ್ಣೆದುರಿಗೇ ದನದ ಬಾನಿಗೆ ಹಾಕಿದೆ. ಅದಕ್ಕೂ ಅವರು ನಕ್ಕರು.

ಅಮ್ಮ ಬಂದವಳು ಕೋಣೆಗೆ ಹೋಗಿ ಮಂಚವನ್ನು ನೋಡಿದಳು. ಎಷ್ಟು ಬಳಿದಿದ್ದರೆಂದರೆ ತಲೆಯ ಕಡೆಯ ಆ ಗಂಟೂ ಕಾಣುತ್ತಿರಲಿಲ್ಲ. ಹಲಸು ಹಳದಿ ಬಿಟ್ಟುಕೊಡದೆ, ಬಣ್ಣವೂ ಸೋಲದೆ, ಒಟ್ಟಿನಲ್ಲಿ ಅದು ಹಳೆಯ ರಕ್ತದ ಕಲೆಯ ಹಾಗಿತ್ತು. ಅಮ್ಮ ಅಂಗೈಯನ್ನು ಹಲಗೆಯ ಮೇಲಿಟ್ಟು, ಆಮೇಲೆ ಅಂಗೈಯನ್ನು ಮೂಸಿ ನೋಡಿದಳು. ಸೀರೆ ಬದಲಿಸಿ ಅಡುಗೆಮನೆಗೆ ಹೋಗಿ ಬಂಗುಡೆ ಮೀನು ಹೆಚ್ಚಲು ಕೂತಳು. ಮಾಮಿ ಹಿಂದೆಯೇ ಹೋಗಿ, ಎಷ್ಟು ಚಂದ ಬಂದಿದೆ ನೋಡಿದೆಯಾ ಎಂದರು. ನೋಡಿದೆ ಎಂದಳು ಅಮ್ಮ. ಅವತ್ತಿನಿಂದ ನಾವಿಬ್ಬರೂ ಮಂಚದ ಪಕ್ಕ ನೆಲಕ್ಕೆ ಚಾಪೆ ಹಾಸಿಕೊಂಡು ಮಲಗಿದೆವು. ಅಮ್ಮ ಸುಮ್ಮನಿದ್ದದ್ದನ್ನು ನೋಡಿ ನನಗೆ ಅವಳ ಮೇಲೂ ತಾತ್ಸಾರ ಬಂತು.

ಹುಡುಗನ ಕಡೆಯವರು ಬಂದ ದಿನ ಮಾಮಿ ನಮ್ಮ ಕೋಣೆಯ ಬಾಗಿಲನ್ನು ಅಗಲಕ್ಕೆ ತೆರೆದು ಮಂಚದ ಮೇಲೆ ತಮ್ಮ ಪೆಟ್ಟಿಗೆಯ ಕಸೂತಿ ಹೊದಿಕೆ ಹಾಸಿದ್ದರು. ಬಂದವರಲ್ಲಿ ಮಾತಿನವಳು ಹುಡುಗನ ತಾಯಿ; ದಪ್ಪ ಗಾತ್ರದ, ಕಣ್ಣು ಸುತ್ತಲೂ ಓಡಿಸುವ ಹೆಂಗಸು. ಗೋಳಿಬಜೆ, ಶೀರಾ ಆಯಿತು. ಮಾವ ಸೋಫಾದ ಕಥೆ ಹೇಳಿದರು. ಈ ಸಲ ಅದು ಇನ್ನಷ್ಟು ಬೆಳೆದು, ಹಿರಿಯರೊಬ್ಬರು ಮರ ಕಡಿಸಿ ಆರು ತಿಂಗಳು ಆಚಾರಿಗಳನ್ನು ಮನೆಯಲ್ಲೇ ಇಟ್ಟು ಮಾಡಿಸಿದ್ದರು. ಹುಡುಗನ ತಾಯಿ ಎದ್ದು ಒಳಗೆಲ್ಲ ನೋಡುತ್ತಾ ನಮ್ಮ ಕೋಣೆಗೆ ಬಂದು ಮಂಚದ ಮೇಲೆ ಕೂತಳು. ಮಾಮಿ ತಮ್ಮ ವಾರ್ತೆಯ ಕನ್ನಡದಲ್ಲಿ, “ಇದೂ ಅದೇ ಮರ. ಎಲ್ಲವೂ ಜೊತೆಯಲ್ಲಿ ಮಾಡಿಸಿದಂಥದ್ದು” ಎಂದರು. ಅಷ್ಟರಲ್ಲಿ ಅಮ್ಮ ಚಹಾದ ತಟ್ಟೆ ಹಿಡಿದು ಬಂದಳು. ಆ ಹೆಂಗಸು ಲೋಟ ತೆಗೆದುಕೊಳ್ಳುತ್ತಾ ಮರ್ಯಾದೆಗೆಂದು ಅಮ್ಮನನ್ನು ಮಾತಾಡಿಸಿದಳು.

“ನೀವು ಚಿಕ್ಕವರಿರುವಾಗ ಇದರಲ್ಲೇ ಮಲಗಿದ್ದಾ?”

“ಇಲ್ಲ,” ಎಂದಳು ಅಮ್ಮ. “ಇದು ನನ್ನ ಗಂಡನ ಮನೆಯ ಮಂಚ. ಹಲಸು. ಈ ಬಣ್ಣ ಹೋದ ವಾರ ಹಾಕಿದ್ದು, ನಾನು ಇಲ್ಲದಿರುವಾಗ.”

“ಹಾಗಾ. ಮತ್ತೆ ಹೊರಗಿನ ಸೋಫಾ?”

“ಅದು ಮೂಡುಬಿದಿರೆಯಿಂದ ತಂದದ್ದು. ಲಾರಿ ಬಂದಾಗ ನಾನು ಅಂಗಳದಲ್ಲೇ ಇದ್ದೆ.”

ಅಮ್ಮನ ದನಿ ಎಂದಿನ ಹಾಗೇ ಇತ್ತು, ಅಕ್ಕಿಯ ಲೆಕ್ಕ ಹೇಳುವ ಹಾಗೆ. ನಾನು ಬಾಗಿಲ ಹತ್ತಿರ ನಿಂತು ಮಾಮಿಯ ಮುಖವನ್ನೇ ನೋಡುತ್ತಿದ್ದೆ. ಅಂಥ ಸಂತೋಷ ನನಗೆ ಆಮೇಲೆ ಬಹಳ ವರ್ಷ ಸಿಗಲಿಲ್ಲ. ಹುಡುಗನ ತಾಯಿ ಒಂದು ಗುಟುಕು ಕುಡಿದು, “ಚಹಾಕ್ಕೆ ಸಕ್ಕರೆ ಸ್ವಲ್ಪ ಜಾಸ್ತಿ ಆಯ್ತು” ಎಂದಳು, ಎದ್ದು ಹೊರಗೆ ಹೋದಳು. ತಿಳಿಸುತ್ತೇವೆ ಎಂದು ಹೇಳಿ ಅವರೆಲ್ಲ ಕಾರು ಹತ್ತಿದರು.

ಕಾರು ಗದ್ದೆಯ ತಿರುವು ದಾಟುವವರೆಗೆ ಮಾಮಿ ಕಾದರು. ಆಮೇಲೆ ಕನ್ನಡ ಎಲ್ಲಿಗೆ ಹೋಯಿತೋ, ಬರೀ ತುಳುವಿನಲ್ಲಿ ಶುರುವಾಯಿತು. ಉಂಡ ಮನೆಗೆ ಬೆಂಕಿ ಇಟ್ಟವಳು, ಗಂಡನನ್ನು ತಿಂದವಳು, ಈಗ ನನ್ನ ಮಗಳ ಮದುವೆಯನ್ನೂ ತಿಂದಳು, ಇಂಥವಳನ್ನು ಇಟ್ಟುಕೊಂಡದ್ದೇ ತಪ್ಪು. ಮಾವ ಕಂಬದ ಪಕ್ಕ ನಿಂತು, “ಸಾಕು ಮಾರಾಯ್ತಿ, ಸಾಕು” ಎಂದು ಯಾರಿಗೆ ಹೇಳುತ್ತಿದ್ದಾರೆಂದು ತಿಳಿಯದ ಹಾಗೆ ಹೇಳುತ್ತಿದ್ದರು. ಅಮ್ಮ ಖಾಲಿ ಲೋಟಗಳನ್ನೆಲ್ಲ ಒಟ್ಟುಮಾಡಿ ತೊಳೆದಿಟ್ಟು ಬಂದಳು.

“ಅಣ್ಣ, ನನಗೊಂದು ಟೆಂಪೋ ಮಾಡಿ ಕೊಡಿ. ನಾನು ಮೂಡುಬಿದಿರೆಗೆ ಹೋಗ್ತೇನೆ. ಹುಡುಗಿಯರ ಹಾಸ್ಟೆಲಿನಲ್ಲಿ ಅಡುಗೆಗೆ ಜನ ಬೇಕಂತೆ.”

“ಸಿಟ್ಟಿನಲ್ಲಿ ಹಾಗೆಲ್ಲ ಹೇಳಬಾರದು ಗಿರಿಜಾ. ಅವಳ ಬಾಯಿ ನಿನಗೆ ಗೊತ್ತುಂಟಲ್ಲ.”

“ಸಿಟ್ಟಿನಲ್ಲಿ ಅಲ್ಲ. ಮತ್ತೆ, ಈ ಮನೆಯಲ್ಲಿ ನನಗೂ ಪಾಲುಂಟು. ಅದನ್ನು ಇಲ್ಲಿ ಇಟ್ಟು ಹೋಗ್ತೇನೆ, ಬಿಟ್ಟು ಹೋಗುವುದಿಲ್ಲ.”

ಮಾವ ಇಬ್ಬರು ಹೆಂಗಸರ ಮುಖವನ್ನೂ ನೋಡಿದರು. ಇರು ಎನ್ನಲು ಅವರಿಗೆ ಧೈರ್ಯವಿರಲಿಲ್ಲ, ಹೋಗು ಎನ್ನಲೂ ಇರಲಿಲ್ಲ. ಟೆಂಪೋ ಬಂದ ದಿನ ಮಂಚವನ್ನು ತಾವೇ ಹಗ್ಗದಲ್ಲಿ ಕಟ್ಟಿದರು. ಕಟ್ಟುವಾಗ ಬಣ್ಣ ಕಿತ್ತುಹೋಗದಂತೆ ಹಗ್ಗದ ಕೆಳಗೆ ಗೋಣಿ ಇಟ್ಟರು. ಹೆಂಡತಿಗೆ ಹೆದರುವ ಗಂಡಸರನ್ನು ಆಮೇಲೆ ಬೇಕಾದಷ್ಟು ನೋಡಿದ್ದೇನೆ. ತಂಗಿಯನ್ನು ಕಳಿಸಿಕೊಡುವಾಗಲೂ ಪಾಲಿಶಿನ ಬಗ್ಗೆ ಯೋಚಿಸಿದವರು ಇವರೊಬ್ಬರೇ.

ಸಂಬಂಧ ಮುರಿದುಬೀಳಲಿಲ್ಲ ಎನ್ನುವುದು ತಿಳಿದದ್ದು ನಾವು ಮೂಡುಬಿದಿರೆಗೆ ಬಂದ ಮೇಲೆ. ಹುಡುಗಿಗೆ ಬಾಯಿ ಕಡಿಮೆ, ಮಾವನ ಹೆಸರಿನಲ್ಲಿ ಕನ್ಯಾನದ ಕಡೆ ತೋಟವುಂಟು, ಅವರಿಗೆ ಅಷ್ಟು ಸಾಕಾಗಿತ್ತು. ಸೋಫಾ ಯಾರ ಹಿರಿಯರದ್ದು, ಮಂಚ ಬೀಟಿಯೋ ಹಲಸೋ ಎಂಬ ಮಾತು ಆ ಮನೆಯಲ್ಲಿ ಮತ್ತೆ ಬರಲೇ ಇಲ್ಲವಂತೆ. ಅಂದರೆ ಅಷ್ಟು ಬಳಿದದ್ದು, ಅಷ್ಟು ಸುಳ್ಳು, ನಮ್ಮನ್ನು ಹೊರಗೆ ಹಾಕಿದ್ದು, ಎಲ್ಲವೂ ನೋಡಲು ಬಂದವರು ಲೆಕ್ಕಕ್ಕೇ ಇಡದ ಒಂದು ಸಂಗತಿಗಾಗಿ. ಮಾವ ಮದುವೆಗೆ ಕರೆಯಲು ಬಂದಾಗ, “ನೀನು ಬರದಿದ್ದರೆ ಜನ ಮಾತಾಡ್ತಾರೆ” ಎಂದರು. ಅಮ್ಮ ಹೋದಳು, ನನ್ನನ್ನೂ ಎಳೆದುಕೊಂಡು ಹೋದಳು. ಹಿಂದಿನ ಸಾಲಿನಲ್ಲಿ ಕೂತು ಊಟ ಮಾಡಿ ಬಂದೆವು.

ಮೂಡುಬಿದಿರೆಯಲ್ಲಿ ನಮ್ಮದು ಒಂದೇ ಕೋಣೆಯ ಬಾಡಿಗೆ ಮನೆ. ಮಂಚ ಇಟ್ಟ ಮೇಲೆ ಉಳಿದದ್ದು ಒಲೆ ಹೂಡುವಷ್ಟು ಜಾಗ. ಓದುವುದು, ಉಣ್ಣುವುದು, ಅಕ್ಕಿ ಆರಿಸುವುದು, ಬಂದವರು ಕೂರುವುದು ಎಲ್ಲ ಅದರ ಮೇಲೆಯೇ. ಆ ಬೇಸಿಗೆಯ ರಜೆಯಲ್ಲಿ ನಾವಿಬ್ಬರೂ ಅದನ್ನು ಉಜ್ಜಿದೆವು. ಹಾಸ್ಟೆಲಿನಿಂದ ಬಂದು ಅಮ್ಮ ಮುಖ ತೊಳೆದು ಸ್ಯಾಂಡ್ ಪೇಪರ್ ಹಿಡಿದು ಕೂರುತ್ತಿದ್ದಳು; ಎದುರಿನ ಕಾಲಿನ ಹತ್ತಿರ ನಾನು. ಪಾಲಿಶ್ ಬೇಗ ಹೋಯಿತು. ಅದರ ಕೆಳಗಿನ ಬಣ್ಣ ಮರದ ನಾರಿನೊಳಗೆ ಇಳಿದುಬಿಟ್ಟಿತ್ತು. ಉಗುರುಗಳ ಸಂದಿಯಲ್ಲಿ ಕೆಂಪು ಹುಡಿ ತುಂಬಿ, ಶಾಲೆ ಶುರುವಾದಾಗ ಟೀಚರು ಮದರಂಗಿಯಾ ಎಂದು ಕೇಳಿದ್ದರು. ಕೆಲವು ಕಡೆ ಹಳದಿ ಬಂತು, ಕೆಲವು ಕಡೆ ಬರಲೇ ಇಲ್ಲ. ಅಮ್ಮ ಒಂದು ದಿನ ಸಾಕು ಎಂದು ಎದ್ದಳು. ನನಗೆ ಸಾಕೆನ್ನಿಸಲಿಲ್ಲ. ಅಲ್ಲಿಂದ ಮುಂದೆ ನನ್ನ ಬುದ್ಧಿಯೇ ಹಾಗಾಯಿತು. ಯಾರ ಮನೆಗೆ ಹೋದರೂ ಕೂರುವ ಮೊದಲು ಮೇಜಿನ ಅಡಿಗೆ ಕೈ ಹಾಕಿ ನೋಡುತ್ತೇನೆ. ಬಣ್ಣ ಹಚ್ಚದ ಅಡಿಭಾಗ ಬೆರಳಿಗೆ ಸಿಕ್ಕಿದರೆ ಆ ಮನೆಯವರ ಉಳಿದ ಮಾತುಗಳನ್ನು ನಾನು ಅರ್ಧ ಕಿವಿಯಲ್ಲಿ ಕೇಳುತ್ತೇನೆ. ಇದರಿಂದ ನನಗೆ ಸ್ನೇಹಿತರು ಕಡಿಮೆ. ಅಮ್ಮ ಹಾಗಲ್ಲ, ಅವಳು ಎಲ್ಲವನ್ನೂ ನುಂಗಿ ಮರೆಯುವವಳು ಎಂದೇ ನಾನು ಬಹಳ ವರ್ಷ ನಂಬಿದ್ದೆ.

ಮಾವ ತೀರಿಕೊಂಡ ಮೇಲೆ, ನಾನು ಇಲ್ಲಿಯೇ ಟೀಚರಾಗಿ ಸ್ವಂತ ಮನೆ ಮಾಡಿಕೊಂಡ ಮೇಲೆ, ಮಾಮಿ ಪೊಳಲಿಯ ದೇವಸ್ಥಾನಕ್ಕೆ ಹೋಗಿದ್ದಾಗ ಮೆಟ್ಟಿಲಲ್ಲಿ ಜಾರಿ ಸೊಂಟದ ಎಲುಬು ಮುರಿದುಕೊಂಡರು. ಆಪರೇಷನ್ ಮೂಡುಬಿದಿರೆಯಲ್ಲಾಯಿತು. ಪುಣೆಯಿಂದ ಬಂದ ಪ್ರಮೀಳಕ್ಕ, ಡಾಕ್ಟರ ಹತ್ತಿರವೇ ಒಂದಷ್ಟು ದಿನ ಇರಬೇಕಂತೆ ಅತ್ತೆ ಎಂದು ಅಮ್ಮನ ಎದುರು ಅತ್ತಳು. ಕರೆದುಕೊಂಡು ಬಾ ಎಂದಳು ಅಮ್ಮ. ನನ್ನನ್ನು ಕೇಳಲೂ ಇಲ್ಲ. ಮಾಮಿಯನ್ನು ಮಲಗಿಸಿದ್ದು ಆ ಮಂಚದ ಮೇಲೆಯೇ, ಮನೆಯಲ್ಲಿ ಅಷ್ಟು ಗಟ್ಟಿಯಾದದ್ದು ಬೇರೆ ಇರಲಿಲ್ಲ. ಹೊದಿಕೆ ಸರಿಮಾಡಿಸಿಕೊಂಡು, ಮಂಚದ ಬದಿಯನ್ನು ಬೆರಳಿನಿಂದ ತಡವಿ, ಮಾಮಿ ಮೊದಲು ಆಡಿದ ಮಾತು:

“ಎರಡೆರಡು ಬಣ್ಣ ಕಾಣ್ತದಲ್ಲ ಗಿರಿಜಾ. ಒಂದು ಕೈ ಹೊಡೆಸಿದ್ರೆ ಆಗ್ತಿತ್ತು.”

“ಹೌದು ಅತ್ತಿಗೆ” ಎಂದಳು ಅಮ್ಮ.

ನಾನು ಅಡುಗೆಮನೆಗೆ ಹೋದೆ. ಹಿಂದೆ ಬಂದ ಅಮ್ಮ ಗಂಜಿಗೆ ಉಪ್ಪು ಹಾಕಿ, ತನಗೊಂದು ಲೋಟ ಚಹಾ ಬಗ್ಗಿಸಿಕೊಂಡು ಸ್ಟೂಲಿನ ಮೇಲೆ ಕೂತಳು.

“ನಿನಗೆ ಎಲ್ಲ ಮರೆತುಹೋಯ್ತಾ ಅಮ್ಮ?” ಎಂದೆ. “ಇಷ್ಟು ಒಳ್ಳೆಯವಳಾಗಬೇಕಾ ನೀನು?”

ಅಮ್ಮ ನನ್ನನ್ನು ವಿಚಿತ್ರವಾಗಿ ನೋಡಿದಳು.

“ಒಳ್ಳೆಯವಳು ಅಂತ ಯಾರು ಹೇಳಿದ್ದು? ಅವಳು ಇಷ್ಟು ವರ್ಷ ಯಾರಿಗೂ ಒಂದು ಲೋಟ ನೀರು ಎತ್ತಿ ಕೊಟ್ಟವಳಲ್ಲ. ಈಗ ನೀರು ಬೇಕಾದ್ರೆ ನನ್ನನ್ನು ಕರೀಬೇಕು. ಕರೀಲಿ. ಎದ್ದು ಕೂತುಕೊಳ್ಳಬೇಕಾದ್ರೆ ನನ್ನ ಕೈ ಹಿಡೀಬೇಕು. ಹಿಡೀಲಿ. ನಾನು ಬೇಡ ಅಂತ ಹೇಳಿದ್ದಿದ್ರೆ ಅವಳು ಬೇರೆ ಎಲ್ಲಾದ್ರೂ ಆರಾಮ ಇರ್ತಿದ್ದಳು ಮಾರಾಯ್ತಿ.”

ಅತ್ತಿಗೆಯನ್ನು ಅಮ್ಮ ಏಕವಚನದಲ್ಲಿ ಹೇಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ನನ್ನ ಇಷ್ಟು ವರ್ಷಗಳ ತಾತ್ಸಾರ ಅವಳದರ ಮುಂದೆ ಮಕ್ಕಳಾಟದ ಹಾಗೆ ಕಂಡಿತು. ಅಷ್ಟರಲ್ಲಿ ಒಳಗಿನಿಂದ ಮಾಮಿ ಕರೆದರು.

“ಗಿರಿಜಾ.”

“ಬಂದೆ ಅತ್ತಿಗೆ” ಎಂದಳು ಅಮ್ಮ, ಎಂದಿನ ಮೆತ್ತಗಿನ ದನಿಯಲ್ಲಿ. ಆದರೆ ಏಳಲಿಲ್ಲ. ಮಾಮಿ ಇನ್ನೊಮ್ಮೆ ಕರೆದರು, ಮತ್ತೊಮ್ಮೆ ಕರೆದರು. ಅಮ್ಮ ಚಹಾವನ್ನು ಊದಿ ಊದಿ ಪೂರ್ತಿ ಕುಡಿದು, ಲೋಟ ತೊಳೆದು ಕವುಚಿಟ್ಟು, ಸೆರಗಿಗೆ ಕೈ ಒರೆಸಿಕೊಂಡು, ಆಮೇಲೆ ಗಂಜಿಯ ಬಟ್ಟಲು ಹಿಡಿದು ಒಳಗೆ ಹೋದಳು.